ನಕ್ಷೆ ಮುಚ್ಚಿಟ್ಟು ಬೊಹೀಮಿಯಾ ಸುತ್ತಿದ್ದು

ಮಧ್ಯಯುಗದ ಬೊಹೀಮಿಯಾದಲ್ಲಿ, ಅಂದರೆ ಇಂದಿನ ಚೆಕ್ ದೇಶದಲ್ಲಿ, ನಡೆಯುವ ಕಿಂಗ್‌ಡಮ್ ಕಮ್: ಡೆಲಿವರೆನ್ಸ್ ಎಂಬ ಕಂಪ್ಯೂಟರ್ ಆಟವನ್ನು ಅದರ ಕಠಿಣ ರೂಪವಾದ ಹಾರ್ಡ್‌ಕೋರ್ ಮೋಡ್‌ನಲ್ಲಿ ಕೊನೆಯವರೆಗೆ ಆಡಿ ಮುಗಿಸಿದ್ದೇನೆ, ಅದೂ ಆಲ್ಬಮ್ ಕೆಲಸಕ್ಕಿಟ್ಟ, ಹತ್ತು ವರ್ಷ ದಾಟಿದ ನನ್ನ ಕಂಪ್ಯೂಟರ್‌ನಲ್ಲಿ. ಆಗುವುದೇ ಇಲ್ಲ ಎಂದು ಪಂಥ ಕಟ್ಟಿದ್ದ ಇಬ್ಬರು ಗೆಳೆಯರು ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿ ಸೋಲೊಪ್ಪಿದ್ದಾರೆ. ಒಬ್ಬನಂತೂ ಈಗ ನನ್ನ ಸೆಟ್ಟಿಂಗ್ಸ್ ಕೇಳುತ್ತಿದ್ದಾನೆ.

ಉಡುಪಿಯಲ್ಲಿ ಮದುವೆ ಆಲ್ಬಮ್ ವಿನ್ಯಾಸ ಮಾಡುವವನಿಗೆ ಮದುವೆಗಳಿಲ್ಲದ ಮಳೆಗಾಲದ ಆಟಿ ತಿಂಗಳೆಂದರೆ ಕೈ ಖಾಲಿ, ಜೇಬೂ ಖಾಲಿ. ಫೋಟೊಶಾಪ್‌ಗೆಂದು ಕೊಂಡಿದ್ದ ಐ7-3770 ಪ್ರೊಸೆಸರಿನ ಯಂತ್ರ ಸುಮ್ಮನೆ ಕೂತಿತ್ತು. ಆಟ ರಿಯಾಯಿತಿಯಲ್ಲಿ ಮುನ್ನೂರು-ನಾನೂರು ರೂಪಾಯಿಗೆ ಸಿಕ್ಕಿತು. ಖರ್ಚು ಶುರುವಾದದ್ದು ಆಮೇಲೆ. ಹಾರ್ಡ್‌ಡಿಸ್ಕ್‌ನಲ್ಲಿ ಹಾಕಿದಾಗ ಆಟದಲ್ಲಿ ಎದುರಿಗಿದ್ದವನು ಅರ್ಧ ಮಾತು ಮುಗಿಸಿದ ಮೇಲೆ ಅವನ ಮುಖ ಮೂಡುತ್ತಿತ್ತು. ಅದಕ್ಕಿಂತ ವೇಗದ 480 ಜಿಬಿ ಎಸ್‌ಎಸ್‌ಡಿ ಡಿಸ್ಕ್‌ಗೆ ಎರಡೂವರೆ ಸಾವಿರ, ಇನ್ನೊಂದು 8 ಜಿಬಿ ರ‍್ಯಾಮ್‌ಗೆ ಸಾವಿರದ ಆಸುಪಾಸು. ಮೊದಲು ತಂದ ಹಳೆಯ ಗ್ರಾಫಿಕ್ಸ್ ಕಾರ್ಡ್ ಐದು ಸಾವಿರ ನುಂಗಿ ಎರಡು ವಾರದಲ್ಲಿ ಪರದೆ ತುಂಬ ನೇರಳೆ ಗೆರೆ ಎಳೆಯಿತು. ಬಿಚ್ಚಿ ನೋಡಿದರೆ ಚಿಪ್‌ಗಳ ಕಾಲುಗಳ ಸುತ್ತ ಹಸಿರು ಕಿಲುಬು. ಕಡಲ ಬದಿಯಲ್ಲೆಲ್ಲೋ ಬಹಳ ಕಾಲ ಇದ್ದ ಸರಕು. ಮಾರಿದವನು ಫೋನ್ ಎತ್ತಲಿಲ್ಲ. ಕೊನೆಗೆ ಓದು ಮುಗಿಸಿ ಊರಿಗೆ ಹೊರಟಿದ್ದ ಮಣಿಪಾಲದ ವಿದ್ಯಾರ್ಥಿಯೊಬ್ಬನಿಂದ 6 ಜಿಬಿಯ ಜಿಟಿಎಕ್ಸ್ 1060 ಕಾರ್ಡ್ ಎಂಟು ಸಾವಿರದೊಳಗೆ ಕೈಸೇರಿತು. ಊರು ಬಿಡುವವನ ಬಳಿ ಚೌಕಾಸಿ ಸುಲಭ.

ಮಳೆಗಾಲದ ಕರೆಂಟ್ ಬೇರೆಯದೇ ಕತೆ. ಈ ಆಟದಲ್ಲಿ ಮನಸ್ಸು ಬಂದಾಗ ಸೇವ್ ಮಾಡಲು ಬರುವುದಿಲ್ಲ. ಸೇವಿಯರ್ ಶ್ನಾಪ್ಸ್ ಎಂಬ ಮದ್ಯ ಕುಡಿಯಬೇಕು, ಇಲ್ಲವೇ ಸ್ವಂತ ಹಾಸಿಗೆಯಲ್ಲಿ ಮಲಗಬೇಕು. ಗಾಳಿಗೆ ತೆಂಗಿನ ಗರಿ ತಂತಿಗೆ ತಾಗಿದರೆ ಎರಡು ಗಂಟೆಯ ಆಟ ಹೋಯಿತು. ಇನ್ವರ್ಟರ್ ಇದೆಯಲ್ಲ ಎಂದರೆ, ಅದು ಬದಲಾಗುವ ಕ್ಷಣದಲ್ಲೇ ಯಂತ್ರ ರೀಸ್ಟಾರ್ಟ್. ಹೊಸ ಯುಪಿಎಸ್‌ಗೆ ನಾಲ್ಕು ಸಾವಿರ ಕೇಳಿದರು. ಇನ್ವರ್ಟರಿನ ಹಿಂಬದಿಯ ಗುಂಡಿಯನ್ನು ಇಕೋದಿಂದ ಯುಪಿಎಸ್‌ಗೆ ತಿರುಗಿಸಿದೆ, ಕಾಸಿಲ್ಲದೆ ಕೆಲಸ ಮುಗಿಯಿತು. ಅಂಗಡಿಯವನು ಇದನ್ನು ಹೇಳುವುದಿಲ್ಲ.

ಆಟದ ಚಿತ್ರಗಳನ್ನು ಸೆಕೆಂಡಿಗೆ ಮೂವತ್ತು ಫ್ರೇಮ್‌ಗೆ ಕಟ್ಟಿಹಾಕಿ, ನೆರಳು ಇಳಿಸಿ, ಗಿಡಮರಗಳು ಕಾಣುವ ದೂರ ಮಾತ್ರ ಮಧ್ಯಮದಲ್ಲಿ ಉಳಿಸಿಕೊಂಡೆ. ಅದನ್ನೂ ಇಳಿಸಿದರೆ ಕಾಡು ಕಾಡಾಗಿ ಉಳಿಯುವುದಿಲ್ಲ. ಆಟದಲ್ಲಿನ ರಟ್ಟಾಯ್ ಪೇಟೆಯೊಳಗೆ ಕುದುರೆ ಓಡಿಸಿದಾಗ ತಡವರಿಸುವುದನ್ನು ತಡೆಯಲು ಆಟದ ಸೆಟ್ಟಿಂಗ್ಸ್ ಇರುವ ಕಾನ್ಫಿಗ್ ಕಡತದಲ್ಲಿ ಎರಡು ಸಾಲು ಸೇರಿಸಿದ್ದೇನೆ. ಆ ಎರಡು ಸಾಲು ಇಲ್ಲಿ ಬರೆಯುವುದಿಲ್ಲ. ನನಗೆ ಅವಕ್ಕೆ ಎರಡು ಭಾನುವಾರ ಹಿಡಿದಿವೆ.

ಇನ್ನು ಆಡಿದ ರೀತಿ. 2018ರಲ್ಲೇ ಉಚಿತವಾಗಿ ಕೊಟ್ಟ ಹಾರ್ಡ್‌ಕೋರ್ ಮೋಡ್‌ನಲ್ಲಿ ನಕ್ಷೆ ಇರುತ್ತದೆ, ಅದರ ಮೇಲೆ ನೀವಿರುವ ಗುರುತು ಇರುವುದಿಲ್ಲ. ದಿಕ್ಕು ತೋರುವ ಗುರುತಿಲ್ಲ, ಒಂದೂರಿನಿಂದ ಇನ್ನೊಂದಕ್ಕೆ ಜಿಗಿಯುವ ಸೌಕರ್ಯವಿಲ್ಲ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಆಟದ ನಕ್ಷೆಯನ್ನೇ ತೆರೆಯದೆ, ಆಲ್ಬಮ್ ಕತ್ತರಿಸಿ ಉಳಿದ ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಿಂದ ನನ್ನದೇ ನಕ್ಷೆ ಬರೆದೆ. ಇಡೀ ಆಟದ ನೆಲ ಸುಮಾರು 16 ಚದರ ಕಿಲೋಮೀಟರ್. ಉಡುಪಿಯ ಕಲ್ಸಂಕದಿಂದ ಮಣಿಪಾಲಕ್ಕಿರುವ ದೂರವನ್ನು ಬದಿಯಾಗಿಟ್ಟು ಚೌಕ ಎಳೆದರೆ ಹೆಚ್ಚುಕಡಿಮೆ ಅಷ್ಟೇ. ಚಿಕ್ಕದೆಂದು ಗೆಳೆಯರು ನಕ್ಕಿದ್ದರು. ಗುರುತಿಲ್ಲದೆ ಅಲೆದವನಿಗೆ ಅದರ ಅಗಲ ಗೊತ್ತು. ನಮ್ಮಲ್ಲಿ ನಾಗಬನ ದಾಟಿ ಎಡಕ್ಕೆ ಎಂದು ದಾರಿ ಹೇಳುವ ಹಾಗೆ, ಅಲ್ಲಿ ದಾರಿಬದಿಯ ಶಿಲುಬೆಗಳೇ ನನಗೆ ಗುರುತು.

ಆಟದ ಮೆರ್ಹೋಯೆಡ್ ಹಳ್ಳಿಗೆ ರೋಗ ಬಂದಾಗ ಈ ಕ್ರಮದ ಬೆಲೆ ತಿಳಿಯಿತು. ಆ ಕೆಲಸಕ್ಕೆ ಕಾಲಮಿತಿಯಿದೆ, ತಡವಾದರೆ ಜನ ಸಾಯುತ್ತಾರೆ. ಔಷಧ ಯಾವುದೆಂದು ತಿಳಿಯಲು ಸಾಸೌ ಮಠದ ವೈದ್ಯ ಸನ್ಯಾಸಿಯ ಬಳಿಗೆ ಹೋಗಬೇಕು. ನಾನು ಹೊರಟಾಗ ಸಂಜೆ, ಮೋಡ, ಸೂರ್ಯನಿಲ್ಲ. ಪಂಜಿನ ಬೆಳಕಿನಲ್ಲಿ ಕುದುರೆಯ ಕಿವಿಗಳಾಚೆಗೆ ಏನೂ ಕಾಣುವುದಿಲ್ಲ. ಹೊಳೆ ಸಿಕ್ಕರೆ ಸಾಸೌ ಸಿಕ್ಕಂತೆ, ಆದರೆ ದಂಡೆಯಲ್ಲಿ ತಪ್ಪು ಕಡೆಗೆ ತಿರುಗಿದರೆ ಸಿಗುವುದು ಲೆಡೆಚ್ಕೊ ಎಂಬ ಬೇರೆ ಊರು. ಪೆನ್ಸಿಲ್ ನಕ್ಷೆಯನ್ನು ಮಾನಿಟರಿನ ಬೆಳಕಿಗೆ ಹಿಡಿದು ಶಿಲುಬೆಗಳನ್ನು ಎಣಿಸುತ್ತ ಹೋದೆ. ಆಗಲೇ ಮೊಣಕಾಲೆತ್ತರದ ಒಂದು ಪೊದೆಗೆ ಸಿಕ್ಕಿಕೊಂಡ ಕುದುರೆ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಬೇಲಿ ಹಾರುವ ಪ್ರಾಣಿಗೆ ಪೊದೆ ದಾಟಲು ಬರದು! ಇಳಿದು, ದೂರ ಓಡಿ, ಶಿಳ್ಳೆ ಹೊಡೆದು ಕರೆಯುವಷ್ಟರಲ್ಲಿ ಹೊತ್ತು ಹೋಯಿತು. ಔಷಧ ಕುದಿಸಿ ಮರಳುವಾಗ ಒಬ್ಬರು ತೀರಿಹೋಗಿದ್ದರು. ಮರುದಿನ ಪುಟ ಜೋಡಿಸುವಾಗಲೂ ಆ ಪೊದೆಯ ಮೇಲೆ ಸಿಟ್ಟಿತ್ತು.

ಆಟದ ದೋಷಗಳ ಪಟ್ಟಿ ಆಡಿದವರಿಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ಮೌಸಿನಲ್ಲಿ ಬೀಗ ತೆರೆಯುವುದು ಮಾತ್ರ ಇಂದಿಗೂ ಹಿಂಸೆಯೇ. ಆದರೂ ಆಟದ ನಾಯಕ, ಕಮ್ಮಾರನ ಮಗ ಹೆನ್ರಿಗೆ ಓದಲೇ ಬರುವುದಿಲ್ಲ, ಪುಸ್ತಕ ತೆರೆದರೆ ಅಕ್ಷರಗಳು ಕಲಸಿಹೋಗಿರುತ್ತವೆ, ಉಝಿಟ್ಸ್ ಊರಿನ ಲಿಪಿಕಾರನಲ್ಲಿ ಕಲಿತ ಮೇಲಷ್ಟೇ ತಿಳಿಯಾಗುತ್ತವೆ. ಇಂಥದ್ದು ಯೋಚಿಸಿದವರಿಗೆ ನೂರು ದೋಷ ಮನ್ನಾ. ಕತ್ತಿಯ ವಿಷಯದಲ್ಲಿ ಒಂದೇ ಮಾತು: ಕತ್ತಿವರಸೆ ಕಲಿಸುವ ಬರ್ನಾರ್ಡ್ ಬಳಿ, ಏಟು ತಡೆದು ತಿರುಗಿ ಹೊಡೆಯುವ ಮಾಸ್ಟರ್ ಸ್ಟ್ರೈಕ್ ಪಟ್ಟು ಕಲಿಯದೆ ದೊಡ್ಡ ಜಗಳಕ್ಕೆ ಹೋಗಬೇಡಿ.

ನಡುವೆ ಕೆಲವು ಪ್ರಯೋಗಗಳೂ ನಡೆದವು. ಗಿಡಮೂಲಿಕೆ ಕೀಳುತ್ತಲೇ ಹೆನ್ರಿಯ ಬಲ ಹೆಚ್ಚಿಸಬಹುದು, ಅದಕ್ಕೊಂದು ಪರ್ಕ್, ಅಂದರೆ ಆರಿಸಿಕೊಳ್ಳುವ ವಿಶೇಷ ಗುಣ, ಇದೆ. ಒಂದು ವಾರ ಬಗ್ಗಿ ಬಗ್ಗಿ ಸೊಪ್ಪು ಕಿತ್ತೆ. ಮನೆಯಲ್ಲಿ ಕೇಳಿದರು, ತೋಟದ ಹುಲ್ಲು ಯಾವಾಗ ಕೀಳುತ್ತೀರಿ ಎಂದು. ಶ್ನಾಪ್ಸ್‌ಗೆ ವೈನ್, ಎರಡು ತುರಿಕೆ ಗಿಡ, ಒಂದು ಬೆಲಡೋನಾ ಸಾಕು, ಹಾಗಾಗಿ ಸೀಸೆಗಟ್ಟಲೆ ಕಾಸಿದೆ. ಮೂರು ಸಲ ಬೆನ್ನುಬೆನ್ನಿಗೆ ಸೇವ್ ಮಾಡಿದರೆ ಹೆನ್ರಿ ತೂರಾಡುತ್ತಾನೆ. ಹಾರ್ಡ್‌ಕೋರ್‌ನಲ್ಲಿ ಕಡ್ಡಾಯವಾಗಿ ಆರಿಸಬೇಕಾದ ದೌರ್ಬಲ್ಯಗಳಲ್ಲಿ ನಿದ್ದೆನಡಿಗೆಯನ್ನೂ ಆರಿಸಿದ್ದೆ. ಮಲಗಿದ್ದು ಒಂದೆಡೆ, ಎದ್ದದ್ದು ಇನ್ನೆಲ್ಲೋ. ನಕ್ಷೆಯಿಲ್ಲದವನಿಗೆ ಅದೊಂದು ಹಬ್ಬ. ಸಾಸೌ ಮಠದಲ್ಲಿ ನವಸನ್ಯಾಸಿಯಾಗಿ ಗಂಟೆಗೆ ತಕ್ಕಂತೆ ಏಳುವ, ಉಣ್ಣುವ, ಪ್ರಾರ್ಥಿಸುವ ಭಾಗ ಬಹಳ ಜನರಿಗೆ ಬೇಸರ. ಉಡುಪಿ ಕೃಷ್ಣಮಠದ ರಥಬೀದಿಯ ಹತ್ತಿರ ಬೆಳೆದ ನನಗೆ ಮಠದ ಗಂಟೆಯೇನೂ ಹೊಸತಲ್ಲ, ಆ ಭಾಗವನ್ನೇ ಎಲ್ಲಕ್ಕಿಂತ ಮೆಚ್ಚಿ ಆಡಿದೆ. ಯಾರ ಕಣ್ಣಿಗೂ ಬೀಳದೆ ರಾತ್ರಿ ಹೊರಬರುವ ಉಪಾಯವೊಂದಿದೆ, ಅದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಒಟ್ಟು ಖರ್ಚು, ಸತ್ತ ಕಾರ್ಡ್ ಸೇರಿ, ಹದಿನೇಳು ಸಾವಿರದ ಒಳಗೆ. 2025ರ ಫೆಬ್ರವರಿಯಲ್ಲಿ ಎರಡನೆಯ ಭಾಗ ಬಂದಿದೆ. ಅದು ಕೇಳುವ ಕನಿಷ್ಠ ಕಾರ್ಡ್ ಇದೇ 1060. ಪ್ರೊಸೆಸರ್ ಮಾತ್ರ ಐ5-8400 ಬೇಕಂತೆ. 3770ರಲ್ಲಿ ಅದು ಏಳುವುದೇ ಇಲ್ಲ ಎಂದು ಅದೇ ಇಬ್ಬರು ಮತ್ತೆ ಪಂಥ ಕಟ್ಟಿದ್ದಾರೆ, ಈ ಬಾರಿ ಮೀನೂಟಕ್ಕೆ. 100 ಜಿಬಿ ಜಾಗ ಖಾಲಿ ಮಾಡಲು ಹಳೆಯ ಮದುವೆಗಳ ಫೈಲುಗಳನ್ನು ಹೊರಗಿನ ಡಿಸ್ಕ್‌ಗೆ ಸಾಗಿಸುತ್ತಿದ್ದೇನೆ.