ಮಾಲೆ ಹಾಕುವ ಮೊದಲು ಒಮ್ಮೆ ಆಸ್ಪತ್ರೆಗೆ ಬನ್ನಿ

ಗಂಗಾವತಿ ಸುತ್ತಿನ ಹಳ್ಳಿಗಳಲ್ಲಿ ಕುಡಿತ ಬಿಡಿಸುವ ಆಪ್ತಸಮಾಲೋಚಕನಾಗಿ ಕೆಲಸ ಮಾಡುತ್ತೇನೆ. ಮಾರ್ಗಶಿರ ಹತ್ತಿರ ಬಂದರೆ ನನ್ನ ಆತಂಕವೂ ಹೆಚ್ಚುತ್ತದೆ. ಅಂಜನಾದ್ರಿಗೆಂದು ಹನುಮಮಾಲೆ ಹಾಕಿದವರಲ್ಲಿ ಎಷ್ಟೋ ಜನ ಅಂದೇ ಕುಡಿತ ನಿಲ್ಲಿಸುತ್ತಾರೆ. ಆ ಸಂಕಲ್ಪದ ಬಲವನ್ನು ಕಣ್ಣಾರೆ ಕಂಡಿದ್ದೇನೆ, ಅದರ ಬಗ್ಗೆ ಗೌರವವಿದೆ. ಆದರೆ ಬೆಳಿಗ್ಗೆ ಎದ್ದೊಡನೆ ಕೈ ನಡುಗಿ, ಒಂದು 90 ಎಂಎಲ್ ಪ್ಯಾಕೆಟ್ ಒಳಗೆ ಹೋದರೆ ಮಾತ್ರ ಸ್ಥಿಮಿತಕ್ಕೆ ಬರುವ ಮನುಷ್ಯ ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಏಕೆಂದು ಮನೆಯವರನ್ನು ಕೂರಿಸಿಕೊಂಡು ವಿವರಿಸುತ್ತೇನೆ. ಮದ್ಯವು ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುತ್ತದೆ, ಉದ್ರೇಕಿಸುವ ಗ್ಲುಟಮೇಟ್ ಅನ್ನು ತಡೆಯುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಮಿದುಳು ಸುಮ್ಮನಿರುವುದಿಲ್ಲ. ಆ ಒತ್ತಡಕ್ಕೆ ಎದುರಾಗಿ ತನ್ನ ಉದ್ರೇಕವನ್ನು ಏರಿಸಿಕೊಳ್ಳುತ್ತದೆ. ಮದ್ಯ ಹಠಾತ್ತನೆ ನಿಂತಾಗ ಆ ಉದ್ರೇಕವಷ್ಟೇ ಉಳಿಯುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರೆಯ 19ನೇ ಗೇಟ್ ಕಳಚಿದಾಗ ನೀರು ನುಗ್ಗಿದ ರಭಸವನ್ನು ನೆನಪಿಸಿದರೆ ನಮ್ಮವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಮೊದಲ ದಿನ ನಡುಕ, ಬೆವರು, ನಿದ್ದೆಗೇಡು. ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಗೋಡೆಯ ಮೇಲೆ ಹುಳ ಹರಿಯುವುದು ಕಾಣುತ್ತದೆ, ಹೆಂಡತಿಯ ಗುರುತು ಸಿಗುವುದಿಲ್ಲ, ಜ್ವರ ಏರುತ್ತದೆ. ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಲು ಓಡಾಡುವುದು ಇದೇ ಹೊತ್ತಿನಲ್ಲಿ. ತಾಯತ ಬೇಡವೆಂದು ನಾನು ವಾದಕ್ಕೆ ನಿಲ್ಲುವುದಿಲ್ಲ. ಕಟ್ಟಿಸಿಕೊಳ್ಳಿ, ಆದರೆ ಆಂಬುಲೆನ್ಸ್‌ನಲ್ಲಿ ಕುಳಿತ ಮೇಲೆ ಎನ್ನುತ್ತೇನೆ.

ಆದ್ದರಿಂದ ಮಾಲೆ ಹಾಕುವ ಮೊದಲೇ ಕೆಲವು ಪ್ರಶ್ನೆ ಕೇಳುತ್ತೇನೆ. ದಿನದ ಮೊದಲ ಪೆಗ್ ಎಷ್ಟು ಹೊತ್ತಿಗೆ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ? ಊಟ ಸರಿಯಾಗಿ ಮಾಡುತ್ತಾರೆಯೇ? ಮೊದಲೆರಡಕ್ಕೆ ಬರುವ ಉತ್ತರ ನೋಡಿ ವೈದ್ಯರು ದಾಖಲಿಸಿಕೊಳ್ಳಬೇಕೋ, ಮನೆಯಲ್ಲೇ ಮಾತ್ರೆ ಕೊಟ್ಟು ಕ್ರಮೇಣ ಇಳಿಸಬಹುದೋ ಎಂದು ನಿರ್ಧರಿಸುತ್ತಾರೆ. ಆ ಮಾತ್ರೆಗಳನ್ನು ಅಂಗಡಿಯಿಂದ ತಾವಾಗಿಯೇ ತಂದು ನುಂಗುವಂತಿಲ್ಲ.

ಊಟದ ಪ್ರಶ್ನೆಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ನನಗೆ ಅದೇ ದೊಡ್ಡದು. ಕುಡಿಯುವವರ ದೇಹದಲ್ಲಿ ಥಯಮಿನ್, ಅಂದರೆ ಬಿ1 ಜೀವಸತ್ವ ಬರಿದಾಗಿರುತ್ತದೆ. ಅದಿಲ್ಲದೆ ಮಿದುಳು ಸಕ್ಕರೆಯನ್ನು ಬಳಸಿಕೊಳ್ಳಲಾರದು. ಸುಸ್ತೆಂದು ಬರೀ ಗ್ಲೂಕೋಸ್ ಬಾಟಲಿ ಹಾಕಿಸಿದರೆ ಉಳಿದಷ್ಟು ಥಯಮಿನ್ ಕೂಡ ಖರ್ಚಾಗಿ ಹೋಗಬಹುದು. ನಡಿಗೆ ತೂರಾಡುವುದು, ಕಣ್ಣುಗುಡ್ಡೆ ಅದುರುವುದು, ಗೊಂದಲ ಇವು ವೆರ್ನಿಕೆ ಕಾಯಿಲೆಯ ಲಕ್ಷಣಗಳು. ಕುಡಿದ ಅಮಲೆಂದೇ ಜನ ತಪ್ಪು ತಿಳಿಯುತ್ತಾರೆ. ತಕ್ಷಣ ಥಯಮಿನ್ ಇಂಜೆಕ್ಷನ್ ಸಿಗದಿದ್ದರೆ ಕೊರ್ಸಕಾಫ್ ಸ್ಥಿತಿ ಉಳಿದುಬಿಡಬಹುದು: ಬೆಳಿಗ್ಗೆ ತಿಂದದ್ದು ನೆನಪಿರುವುದಿಲ್ಲ, ಆ ಖಾಲಿ ಜಾಗಕ್ಕೆ ನಡೆಯದ ಕಥೆಯನ್ನು ಮನಸ್ಸೇ ಕಟ್ಟಿಕೊಡುತ್ತದೆ. ಅವರು ಸುಳ್ಳು ಹೇಳುತ್ತಿಲ್ಲವೆಂದು ಮನೆಯವರಿಗೆ ಒಪ್ಪಿಸುವುದು ನನ್ನ ಕೆಲಸದಲ್ಲೇ ಕಷ್ಟದ ಭಾಗ.

ಇದಕ್ಕೆಲ್ಲ ಬೆಂಗಳೂರಿಗೆ ಹೋಗಬೇಕೆಂದು ಅನೇಕರು ಭಾವಿಸಿದ್ದಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಪ್ರಯೋಗ ಮಾಡಿ ತೋರಿಸಿದ್ದು ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಮಾಲೆ ತೆಗೆದ ಮೇಲೆ ಬಂದವರು ತಪ್ಪದೆ ಕೇಳುತ್ತಾರೆ, ಹಾಳಾದ ಮಿದುಳು ಸರಿಹೋಗುತ್ತದೆಯೇ ಎಂದು. ಕುಗ್ಗಿದ ಮಿದುಳು ಕುಡಿತ ಬಿಟ್ಟ ತಿಂಗಳುಗಳಲ್ಲಿ ಸ್ವಲ್ಪಮಟ್ಟಿಗೆ ತುಂಬಿಕೊಳ್ಳುತ್ತದೆ, ಗಮನ ಮತ್ತು ವಿವೇಚನೆ ಸುಧಾರಿಸುತ್ತವೆ. ನಿದ್ದೆ ಮಾತ್ರ ತಡವಾಗಿ ಬರುತ್ತದೆ. ಆ ನಿದ್ದೆಗೆಟ್ಟ ವಾರಗಳಲ್ಲೇ ಮತ್ತೆ ಕುಡಿಯುವ ಸೆಳೆತ ಬಲವಾಗಿರುವುದರಿಂದ, ಮುಂದಿನ ಭೇಟಿಯ ದಿನವನ್ನು ಅಲ್ಲೇ ಗೊತ್ತು ಮಾಡಿ ಹೆಂಡತಿಯ ಮೊಬೈಲ್‌ನಲ್ಲಿ ಬರೆಸುತ್ತೇನೆ.