ಬಿದ್ದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್: ಯಾರಿಗೆ ಯಾವುದು ಸರಿ?

"ಒಂದು ಇಂಪ್ಲಾಂಟ್‌ಗೆ ಎಷ್ಟಾಗುತ್ತೆ?" ಅಂತ ನಾಲ್ಕು ಕಡೆ ಫೋನ್ ಮಾಡಿ, ಕಡಿಮೆ ಹೇಳಿದ ಕ್ಲಿನಿಕ್‌ಗೆ ಹೋಗಿಬಿಡಬೇಡಿ. ಮೊದಲು ತಿಳಿಯಬೇಕಾದ್ದು ಮೂರು ವಿಷಯ. ಎಷ್ಟು ಹಲ್ಲು ಹೋಗಿದೆ, ಯಾವ ಜಾಗದ್ದು, ಅಲ್ಲಿ ಮೂಳೆ ಎಷ್ಟು ಉಳಿದಿದೆ. ದುಡ್ಡಿನ ಮಾತು ಆಮೇಲೆ.

ಇಂಪ್ಲಾಂಟ್ ಅಂದರೆ ದವಡೆ ಮೂಳೆಯೊಳಗೆ ಕೂರಿಸುವ ಸ್ಕ್ರೂ, ಸಾಮಾನ್ಯವಾಗಿ ಟೈಟಾನಿಯಂನದು. ಅದರ ಮೇಲೆ ಅಬಟ್‌ಮೆಂಟ್ ಅನ್ನುವ ಸಣ್ಣ ಜೋಡಣೆ, ಅದರ ಮೇಲೆ ಕ್ಯಾಪ್. ಟೈಟಾನಿಯಂ ಮೂಳೆಗೆ ಬಿಡಿಸಲಾಗದಂತೆ ಕೂಡಿಕೊಳ್ಳುವುದನ್ನು ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲಗಳಲ್ಲಿ ಕಂಡರು, 1965ರಲ್ಲಿ ಮೊದಲ ರೋಗಿಗೆ ಹಾಕಿದರು. ಹೀಗೆ ಕೂಡಿಕೊಳ್ಳೋಕೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಮೇಲಿನ ದವಡೆಯ ಮೂಳೆ ಮೆದು, ಅಲ್ಲಿ ಸಮಯ ಜಾಸ್ತಿ.

ಒಂದೇ ದವಡೆ ಹಲ್ಲು ಹೋಗಿದೆ, ಅಕ್ಕಪಕ್ಕದ ಹಲ್ಲು ಗಟ್ಟಿಯಾಗಿವೆ ಅಂದರೆ ಒಂದು ಇಂಪ್ಲಾಂಟ್ ಒಳ್ಳೆಯದು. ಬ್ರಿಡ್ಜ್ (ಅಕ್ಕಪಕ್ಕದ ಹಲ್ಲಿನ ಆಸರೆಯಲ್ಲಿ ನಿಲ್ಲಿಸುವ ಕೃತಕ ಹಲ್ಲು) ಹಾಕಿಸಿದರೆ ಸುಮ್ನೆ ಎರಡು ಒಳ್ಳೆ ಹಲ್ಲನ್ನು ಉಜ್ಜಿ ಸಣ್ಣ ಮಾಡಬೇಕಾಗುತ್ತದೆ, ಅವು ಮತ್ತೆ ಮೊದಲಿನಂತಾಗುವುದಿಲ್ಲ. ಆದರೆ ಆ ಎರಡಕ್ಕೂ ಆಗಲೇ ರೂಟ್ ಕೆನಾಲ್ ಆಗಿ ಕ್ಯಾಪ್ ಇದ್ದರೆ ಬ್ರಿಡ್ಜೇ ಸಾಕಾಗಬಹುದು, ಡಾಕ್ಟರ್ ಹತ್ತಿರ ಇದನ್ನು ನೇರವಾಗಿ ಕೇಳಿ. ಕೊನೆಯ ಬುದ್ಧಿ ಹಲ್ಲು ಹೋಗಿದ್ದರೆ ಸಾಮಾನ್ಯವಾಗಿ ಏನೂ ಹಾಕಿಸಬೇಕಿಲ್ಲ.

ಸಾಲಾಗಿ ಮೂರು ಹಲ್ಲು ಹೋಗಿದ್ದರೆ ಮೂರು ಇಂಪ್ಲಾಂಟ್ ಬೇಕೇ ಬೇಕು ಅಂತೇನಿಲ್ಲ. ಎಷ್ಟೋ ಸಲ ಎರಡು ಇಂಪ್ಲಾಂಟ್ ಮೇಲೆ ಮೂರು ಹಲ್ಲಿನ ಬ್ರಿಡ್ಜ್ ಕೂರುತ್ತದೆ.

ಪೂರ್ತಿ ಹಲ್ಲಿಲ್ಲದ ಅಪ್ಪ-ಅಮ್ಮನ ವಿಷಯಕ್ಕೆ ಬರೋಣ, ಯಾಕಂದರೆ ಜಾಸ್ತಿ ಗೊಂದಲ ಇಲ್ಲೇ. ತೆಗೆದು ಹಾಕುವ ಹಲ್ಲು ಸೆಟ್‌ನಲ್ಲಿ ಮೇಲಿನದು ಅಂಗುಳಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ, ಕೆಳಗಿನದು ನಾಲಿಗೆ ಆಡಿಸಿದರೂ ಮೇಲೇಳುತ್ತದೆ. ಅದಕ್ಕಾಗಿ ಲಕ್ಷಗಟ್ಟಲೆ ಖರ್ಚು ಮಾಡಲೇಬೇಕಿಲ್ಲ. ಕೆಳದವಡೆಯ ಮುಂಭಾಗಕ್ಕೆ ಎರಡು ಇಂಪ್ಲಾಂಟ್ ಹಾಕಿ, ಸೆಟ್ಟನ್ನು ಪ್ರೆಸ್ ಬಟನ್ ಥರ ಅದಕ್ಕೆ ಒತ್ತಿ ಕೂರಿಸಬಹುದು. ರಾತ್ರಿ ತೆಗೆದು ತೊಳೆದಿಡಬೇಕು, ಒಳಗಿನ ಹಿಡಿತದ ರಿಂಗ್ ಸವೆದಾಗ ಬದಲಾಯಿಸಬೇಕು, ಅಷ್ಟೇ. ನನ್ನ ಪ್ರಕಾರ ವಯಸ್ಸಾದವರಿಗೆ, ಕೈಯಲ್ಲಿ ಹಣ ಕಡಿಮೆ ಇರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ತೆಗೆಯದ ಹಲ್ಲೇ ಬೇಕು ಅಂದರೆ 'ಆಲ್ ಆನ್ ಫೋರ್' ಇದೆ. ಒಂದು ದವಡೆಗೆ ನಾಲ್ಕು ಇಂಪ್ಲಾಂಟ್, ಹಿಂದಿನ ಎರಡನ್ನು ಓರೆಯಾಗಿ ಹಾಕಿ ಇಡೀ ಸಾಲನ್ನು ಅದರ ಮೇಲೆ ನಿಲ್ಲಿಸುತ್ತಾರೆ. "ಅದೇ ದಿನ ಹಲ್ಲು" ಅನ್ನುವ ಜಾಹೀರಾತು ನೋಡಿರುತ್ತೀರಿ ಅಲ್ವಾ? ಆ ದಿನ ಕೊಡುವುದು ಸಾಮಾನ್ಯವಾಗಿ ತಾತ್ಕಾಲಿಕ ಹಲ್ಲು. ಮೂಳೆ ಹಿಡಿಯುವವರೆಗೆ ಮೆತ್ತಗಿನದ್ದೇ ತಿನ್ನಬೇಕು, ಗಟ್ಟಿ ಹಲ್ಲು ತಿಂಗಳುಗಳ ನಂತರ.

ಹಲ್ಲು ಕೀಳಿಸಿ ವರ್ಷಗಟ್ಟಲೆ ಬಿಟ್ಟರೆ ಮೂಳೆ ಕರಗುತ್ತಾ ಹೋಗುತ್ತದೆ, ಮೊದಲ ವರ್ಷದಲ್ಲೇ ಜಾಸ್ತಿ. ಆಮೇಲೆ ಮೂಳೆ ಪುಡಿ ತುಂಬಬೇಕು, ಮೇಲಿನ ದವಡೆಯ ಹಿಂಭಾಗವಾದರೆ ಸೈನಸ್ (ಹಲ್ಲಿನ ಮೇಲಿರುವ ಗಾಳಿಗೂಡು) ತಳವನ್ನು ಎತ್ತಬೇಕಾಗಬಹುದು, ಖರ್ಚೂ ಸಮಯವೂ ಏರುತ್ತದೆ. ಹಾಗಾಗಿ ಕೀಳಿಸುವ ದಿನವೇ "ಮುಂದೇನು?" ಅಂತ ಕೇಳಿ. ಮೂಳೆಯ ಎತ್ತರ ಅಗಲ ಎರಡೂ ಸರಿಯಾಗಿ ಗೊತ್ತಾಗೋಕೆ ಸಿಬಿಸಿಟಿ ಸ್ಕ್ಯಾನ್ (ದವಡೆಯ 3ಡಿ ಎಕ್ಸ್-ರೇ) ಮಾಡಿಸಿ.

ಡಾಕ್ಟರಿಗೆ ಏನನ್ನೂ ಮುಚ್ಚಿಡಬೇಡಿ. ಶುಗರ್ ಇದ್ದರೆ ಇತ್ತೀಚಿನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ರಿಪೋರ್ಟ್ ಒಯ್ಯಿರಿ. ಹಿಡಿತದಲ್ಲಿದ್ದರೆ ಇಂಪ್ಲಾಂಟ್ ಆಗುತ್ತದೆ, ಇಲ್ಲದಿದ್ದರೆ ಗಾಯ ಮಾಯುವುದು ನಿಧಾನ, ಸೋಂಕಿನ ಭಯ. ಮೂಳೆ ಸವೆತಕ್ಕೆ ಅಲೆಂಡ್ರೋನೇಟ್ ಮಾತ್ರೆ ಅಥವಾ ಜೊಲೆಡ್ರಾನಿಕ್ ಆಸಿಡ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಲೇಬೇಕು, ಅಪರೂಪಕ್ಕಾದರೂ ದವಡೆ ಮೂಳೆ ಸಾಯುವ ಅಪಾಯವಿದೆ. ಬೀಡಿ, ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ಸೋಲುವುದು ಜಾಸ್ತಿ. ನಮ್ಮ ಕಡೆ ಅಡಿಕೆ, ಗುಟ್ಕಾ ಜಗಿದು ಜಗಿದು ಬಾಯೇ ಅಗಲಿಸಲಾಗದವರು ಎಷ್ಟೋ ಜನ. ಅವರಿಗೆ ಮೊದಲು ಆ ಚಟ ನಿಲ್ಲಬೇಕು, ಆ ಕಾಯಿಲೆಗೆ ಚಿಕಿತ್ಸೆ ಆಗಬೇಕು, ಯಾಕಂದರೆ ಅದು ಕ್ಯಾನ್ಸರ್‌ಗೂ ತಿರುಗಬಹುದು.

ರೇಟು ಕೇಳುವಾಗ ಸ್ಕ್ರೂ, ಅಬಟ್‌ಮೆಂಟ್, ಕ್ಯಾಪ್, ಸ್ಕ್ಯಾನ್, ಮೂಳೆ ಪುಡಿ ಎಲ್ಲ ಸೇರಿ ಎಷ್ಟು ಅಂತ ಬರೆಸಿಕೊಳ್ಳಿ. ಬರೀ ಸ್ಕ್ರೂ ಬೆಲೆ ಹೇಳಿ ಆಮೇಲೆ ಉಳಿದದ್ದು ಸೇರಿಸುವವರಿದ್ದಾರೆ. ಖರ್ಚು ಹೆಚ್ಚೆನಿಸಿದರೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲಿ, ಇಲ್ಲವೇ ನಿಮ್ಮ ಹತ್ತಿರದ ದಂತ ಕಾಲೇಜಿನಲ್ಲಿ ವಿಚಾರಿಸಿ. ಅಲ್ಲಿ ಓಡಾಟ ಜಾಸ್ತಿ ಆಗಬಹುದು, ಅದಕ್ಕೆ ಸಿದ್ಧರಾಗಿ ಹೋಗಿ. ಹಾಕಿದ ಇಂಪ್ಲಾಂಟಿನ ಕಂಪನಿ, ಅಳತೆ, ಲಾಟ್ ನಂಬರ್ ಇರುವ ಸ್ಟಿಕರ್ ಕೇಳಿ ಪಡೆದು ಫೋಟೋ ತೆಗೆದಿಡಿ. ಹತ್ತು ವರ್ಷದ ಮೇಲೆ ಬೇರೆ ಊರಲ್ಲಿ ಅಬಟ್‌ಮೆಂಟಿನ ಸ್ಕ್ರೂ ಸಡಿಲವಾದರೆ ಅಲ್ಲಿನ ಡಾಕ್ಟರಿಗೆ ಬೇಕಾಗುವುದು ಅದೇ.

ಇಂಪ್ಲಾಂಟ್‌ಗೆ ಹುಳುಕು ಹತ್ತುವುದಿಲ್ಲ, ಆದರೆ ಸುತ್ತಲಿನ ವಸಡು ಕೆಡಬಹುದು. ನೋವೇ ಇಲ್ಲದೆ ಒಳಗೆ ಮೂಳೆ ಕರಗಿರಬಹುದು. ದಿನಕ್ಕೆರಡು ಸಲ ಬ್ರಷ್ ಮಾಡಿ, ಸಂದಿಗಳಿಗೆ ಸಣ್ಣ ಇಂಟರ್‌ಡೆಂಟಲ್ ಬ್ರಷ್ ಬಳಸಿ, ಡಾಕ್ಟರ್ ಹೇಳಿದ ಸಮಯಕ್ಕೆ ಕ್ಲೀನಿಂಗ್ ಮಾಡಿಸಿ. ಉಜ್ಜುವಾಗ ಅಲ್ಲಿ ರಕ್ತ ಬಂದರೆ ಆ ವಾರವೇ ಹೋಗಿ ತೋರಿಸಿ.