ಹಲ್ಲಲ್ಲಿ ಕಚ್ಚಿ 50 ಮೀಟರ್: ನನ್ನ ಅನುಭವ

"ಬಿಲ್ಲಿನ ಹುರಿ ಹಲ್ಲಲ್ಲಿ ಎಳೆದು ಬಿಲ್ಲುಗಾರಿಕೆ ಸ್ಪರ್ಧೆಗೆ ಹೋಗ್ತೀಯಾ? ಆರು ತಿಂಗಳಲ್ಲಿ ದವಡೆ ಕೈಕೊಡುತ್ತೆ ನೋಡಮ್ಮ" ಅಂತ ಹೇಳಿದವರು ಒಬ್ಬಿಬ್ಬರಲ್ಲ. ನಾಲ್ಕು ವರ್ಷವಾಯಿತು, ದವಡೆ ಗಟ್ಟಿಯಾಗಿದೆ. ಕಳೆದ ತಿಂಗಳು ಅಭ್ಯಾಸದಲ್ಲಿ 72 ಬಾಣಕ್ಕೆ 720ರಲ್ಲಿ 668 ಬಂತು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನನಗೆ ಬಲಗೈ ಮೊಣಕೈ ಮೇಲಿಂದ ಇಲ್ಲ. ಆಡುವುದು ಕಾಂಪೌಂಡ್ ಓಪನ್, ಅಂದರೆ ತುದಿಗಳಲ್ಲಿ ಚಕ್ರವಿರುವ ಬಿಲ್ಲಿನಿಂದ 50 ಮೀಟರಿಗೆ ಹೊಡೆಯುವ ಪ್ಯಾರಾ ವಿಭಾಗ. ಮೊದಲು ಎಲ್ಲರೂ ಹೇಳಿದಂತೆ ಭುಜಕ್ಕೆ ಬೆಲ್ಟ್ ಕಟ್ಟಿ, ಅದಕ್ಕೆ ರಿಲೀಸ್ (ಹುರಿ ಹಿಡಿದು ಬಿಡುವ ಸಾಧನ) ಸಿಕ್ಕಿಸಿ ಎಳೆದೆ. ಎರಡೂ ಕೈಯಿಲ್ಲದ ಶೀತಲ್ ದೇವಿ ಭುಜದ ರಿಲೀಸಿನಿಂದಲೇ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ರ‍್ಯಾಂಕಿಂಗ್ ಸುತ್ತಿನಲ್ಲಿ 703 ಹೊಡೆದರು, ನಿಜ. ಅವರಿಗೆ ಒಗ್ಗಿದ್ದು ನನಗೆ ಒಗ್ಗಲಿಲ್ಲ. ಎಷ್ಟು ಬಿಗಿದರೂ ಬೆಲ್ಟ್ ಜಾರಿ ಕುತ್ತಿಗೆಗೆ ಬರುತ್ತಿತ್ತು. ಎರಡು ಬೆಲ್ಟು, ಒಂದು ರಿಲೀಸು, ಸುಮಾರು ಹದಿನೆಂಟು ಸಾವಿರ ನೀರುಪಾಲು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಹಲ್ಲಲ್ಲಿ ಕಚ್ಚಿ ಎಳೆದೇ ಚಿನ್ನ ಗೆದ್ದ ಅಮೆರಿಕದ ಜೆಫ್ ಫ್ಯಾಬ್ರಿ ವಿಡಿಯೊ ನೋಡಿದ ದಿನ ಬೆಲ್ಟ್ ಬಿಚ್ಚಿಟ್ಟೆ.

ಹುರಿಗೆ ಕಟ್ಟಿ ಹಲ್ಲಲ್ಲಿ ಕಚ್ಚುವ ಪಟ್ಟಿಯೇ ದೊಡ್ಡ ತಲೆನೋವು. ಮೊದಲಿನದು ಚರ್ಮದ್ದು. ನೂರು ಬಾಣದೊಳಗೆ ಜೊಲ್ಲಿಗೆ ನೆನೆದು ಹಿಗ್ಗಿತು, ಪೀಪ್ (ಗುರಿ ನೋಡಲು ಹುರಿಯಲ್ಲಿರುವ ಸಣ್ಣ ತೂತು) ಕಣ್ಣಿಗೆ ಸಿಗದೆ ಹೋಯಿತು. ಆಮೇಲೆ ಸೈಕಲ್ ಟ್ಯೂಬ್ ತುಂಡು. ಅದು ಹಲ್ಲಿಂದ ಜಾರಿ, ಬಾಣ ಟಾರ್ಗೆಟ್ ಮೇಲಿಂದ ಹಾರಿ ಹಿಂದಿನ ಮಣ್ಣಿನ ದಿಬ್ಬಕ್ಕೆ ಹೊಕ್ಕಿತು. ಕೋಚ್ ಅವತ್ತು ಬಿಲ್ಲನ್ನೇ ಕಸಿದುಕೊಂಡರು. ಕೊನೆಗೆ ಕೈಹಿಡಿದದ್ದು ತಂಗಿಯ ಹಳೇ ಸ್ಕೂಲ್ ಬ್ಯಾಗಿನ ನೈಲಾನ್ ಪಟ್ಟಿ. ಒಂದು ಬೆರಳಗಲ, ಎರಡು ಸಲ ಹೊಲಿಗೆ. ಎಷ್ಟು ಮಡಿಕೆ, ಸ್ಟ್ರಿಂಗಿಗೆ ಹೇಗೆ ಗಂಟು ಅನ್ನೋದನ್ನ ಮಾತ್ರ ಇಲ್ಲಿ ಹೇಳಲ್ಲ. ಅದಕ್ಕೆ ನನ್ನ ಎರಡು ವರ್ಷ ಹೋಗಿದೆ.

ಹಲ್ಲಿನ ಕಥೆಯೂ ಇದೆ. ಮುಂದಿನ ಹಲ್ಲಲ್ಲಿ ಕಚ್ಚಿದ್ದು ನನ್ನದೇ ತಪ್ಪು. ಒಂದಕ್ಕೆ ರೂಟ್ ಕೆನಾಲ್, ಕ್ಯಾಪ್ ಸೇರಿ ಒಂಬತ್ತು ಸಾವಿರ. ಈಗ ದವಡೆ ಹಲ್ಲಲ್ಲಿ ಕಚ್ಚುತ್ತೇನೆ. ಡೆಂಟಿಸ್ಟ್ ಹತ್ತಿರ ಅಚ್ಚು ತೆಗೆಸಿ ಹಲ್ಲಿಗೆ ಕವಚ ಮಾಡಿಸಿದ್ದೇನೆ, ಮೂರೂವರೆ ಸಾವಿರ. ಬಿಲ್ಲಿಗೆ ಸುರಿಯುವ ದುಡ್ಡಿನ ಮುಂದೆ ಇದೇನೂ ಜಾಸ್ತಿ ಅಲ್ಲ.

22 ಪೌಂಡಿನ ಎಳೆತದಿಂದ ಶುರು ಮಾಡಿ, ಹೆಚ್ಚುಕಮ್ಮಿ ಎರಡು ತಿಂಗಳಿಗೊಮ್ಮೆ ಎರಡೆರಡು ಪೌಂಡ್ ಏರಿಸಿದೆ. ಈಗ 38. ಪೂರ್ತಿ ಎಳೆದ ಮೇಲೆ ಬಿಲ್ಲಿನ ಚಕ್ರಗಳೇ ಭಾರ ಇಳಿಸುವುದರಿಂದ ಹಲ್ಲಿಗೆ ಬೀಳುವುದು ಎಂಟೊಂಬತ್ತು ಪೌಂಡ್ ಅಷ್ಟೇ. ನೋವೆಲ್ಲ ನಡುದಾರಿಯಲ್ಲಿ. ಅಲ್ಲೇ ಎಲ್ಲರೂ ತಲೆ ಹಿಂದಕ್ಕೆ ಎಳೆಯುತ್ತಾರೆ, ನಾನೂ ಒಂದು ವರ್ಷ ಎಳೆದೆ. ಎಳೆಯಬಾರದು. ಕಚ್ಚಿ, ಕುತ್ತಿಗೆ ಅಲ್ಲಾಡಿಸದೆ, ಎಡಗೈಯಲ್ಲಿ ಬಿಲ್ಲನ್ನು ಮುಂದಕ್ಕೆ ತಳ್ಳಬೇಕು. ಹಲ್ಲು ಬರೀ ಕೊಕ್ಕೆ. ಬಿಡುವಾಗಲೂ ಬಾಯಿ ತೆರೆಯಬಾರದು. ದವಡೆ ಸಡಿಲ ಬಿಟ್ಟರೆ ಪಟ್ಟಿ ತಾನೇ ತುಟಿ ಸವರಿಕೊಂಡು ಹೋಗುತ್ತದೆ. ತುಟಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಇಲ್ಲದಿದ್ದರೆ ಸಂಜೆ ಹೊತ್ತಿಗೆ ರಕ್ತ ಬರುತ್ತೆ.

ದವಡೆ ಗಟ್ಟಿಯಾಗಲಿ ಅಂತ ಎರಡು ತಿಂಗಳು ದಿನಾ ಕಬ್ಬು ಅಗಿದು ನೋಡಿದೆ. ದವಡೆ ಊದಿಕೊಂಡು ಸ್ಕೋರ್ ನಲವತ್ತು ಪಾಯಿಂಟ್ ಕುಸಿಯಿತು. ಬಿಟ್ಟುಬಿಟ್ಟೆ.

ಇನ್ನೊಂದು ಕಷ್ಟ ಸಮಯದ್ದು. ಮ್ಯಾಚಿನಲ್ಲಿ ಸರದಿ ಮೇಲೆ ಹೊಡೆಯುವಾಗ ಬಾಣಕ್ಕೆ 20 ಸೆಕೆಂಡ್. ಒಂದೇ ಕೈಯಲ್ಲಿ ನಾಕ್ ಮಾಡುವುದರಲ್ಲೇ, ಅಂದರೆ ಬಾಣವನ್ನು ಹುರಿಗೆ ಸಿಕ್ಕಿಸುವುದರಲ್ಲೇ, ನನಗೆ ಹದಿನಾಲ್ಕು ಹೋಗುತ್ತಿತ್ತು. ಪ್ಯಾರಿಸ್‌ನಲ್ಲಿ ಶೀತಲ್ ಚಿಲಿಯ ಮರಿಯಾನಾ ಜುನಿಗಾ ಎದುರು ಸೋತದ್ದು 137-138ರಲ್ಲಿ, ಒಂದೇ ಪಾಯಿಂಟು. ಗಡಿಬಿಡಿಯಲ್ಲಿ ಬಿಟ್ಟ ಒಂದು ಬಾಣ ಸಾಕು ಅಲ್ವಾ? ವೆಲ್ಡಿಂಗ್ ಅಂಗಡಿಯಲ್ಲಿ ಸೊಂಟದೆತ್ತರದ ಸ್ಟ್ಯಾಂಡ್ ಮಾಡಿಸಿದೆ, ಸಾವಿರದಿನ್ನೂರು. ಬಿಲ್ಲು ಅದರ ಮೇಲೆ ಕೂರುತ್ತದೆ, ಕೈ ಬಾಣಕ್ಕೆ ಹೋಗುತ್ತದೆ. ಈಗ ಏಳೆಂಟು ಸೆಕೆಂಡಿನಲ್ಲಿ ಮುಗಿಯುತ್ತೆ.

ಬಿಲ್ಲು ಕಸಿದುಕೊಂಡ ಕೋಚೇ ಮೊನ್ನೆ ಇಬ್ಬರು ಹುಡುಗಿಯರನ್ನು ಕರೆದುಕೊಂಡು ಬಂದರು. ಇಬ್ಬರಿಗೂ ಒಂದೊಂದು ಪಟ್ಟಿ ನಾನೇ ಹೊಲಿದುಕೊಟ್ಟೆ. ಸದ್ಯ 18 ಮೀಟರಿನಲ್ಲಿ, 22 ಪೌಂಡಿನಲ್ಲಿ ಹೊಡೆಯುತ್ತಿದ್ದಾರೆ. ಮುಂದಿನ ತಿಂಗಳು 24ಕ್ಕೆ ಏರಿಸುತ್ತೇವೆ.